ಇಳಿಸಿದ ತೂಕ ಮತ್ತೆ ಏರುವುದೇಕೆ? ಔಷಧಿ ನಿಲ್ಲಿಸಬಹುದೇ?

ಕಷ್ಟಪಟ್ಟು 10 ಕೆಜಿ ಇಳಿಸಿದವರಿಗೆ ಅದು ಮರಳಿ ಬಂದರೆ, ಬಾಯಿ ಕಟ್ಟಲಿಲ್ಲ ಎಂದು ಬೈಯುವವರೇ ಹೆಚ್ಚು. ಅದು ಅನ್ಯಾಯ. ಕೊಬ್ಬು ಕರಗಿದಂತೆ, ಮೈಯಲ್ಲಿ ಸಾಕಷ್ಟು ದಾಸ್ತಾನಿದೆ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ಕುಸಿಯುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ. ವರ್ಷ ಕಳೆದರೂ ಇದು ಪೂರ್ತಿ ಸರಿಹೋಗುವುದಿಲ್ಲ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಕ್ಯಾಲೊರಿಯೂ ತಗ್ಗುತ್ತದೆ. ಹಾಗಾಗಿ ಬಿಪಿ, ಶುಗರ್‌ನಂತೆ ಬೊಜ್ಜೂ ದೀರ್ಘಕಾಲದ ಕಾಯಿಲೆ.

ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) 25 ಮುಟ್ಟಿದರೇ ಬೊಜ್ಜು ಎನ್ನುತ್ತಾರೆ. ಹೊಟ್ಟೆಯ ಸುತ್ತಳತೆಯನ್ನೂ ನೋಡಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಟ್ಟನಡುವೆ ಟೇಪು ಹಿಡಿದು, ಉಸಿರು ಬಿಟ್ಟಮೇಲೆ ಅಳೆಯಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ.

ಹಸಿವು ತಗ್ಗಿಸಿ ತೂಕ ಇಳಿಸುವ ಔಷಧಿಯಾದ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ವಾರಕ್ಕೊಮ್ಮೆ 0.25 ಮಿ.ಗ್ರಾಂ.ನಿಂದ ಶುರುಮಾಡಿ, ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, ಕೊನೆಗೆ 2.4ಕ್ಕೆ ಏರಿಸುತ್ತಾರೆ. ಅವಸರಪಟ್ಟರೆ ವಾಕರಿಕೆ, ವಾಂತಿ ಹೆಚ್ಚು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿಯಬಹುದು. ವೈದ್ಯರು ಇನ್ಸುಲಿನ್ ಡೋಸ್ ಮೊದಲೇ ತಗ್ಗಿಸಬೇಕಾಗಬಹುದು. ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಆಗಿದ್ದರೆ ತಪ್ಪದೆ ಹೇಳಿ.

ಔಷಧಿ ನಿಲ್ಲಿಸಿದವರಲ್ಲಿ ಒಂದೇ ವರ್ಷದಲ್ಲಿ, ಇಳಿದಿದ್ದರ ಸುಮಾರು ಮೂರನೇ ಎರಡು ಭಾಗ ಮರಳಿದ್ದು ಪ್ರಯೋಗದಲ್ಲಿ ಕಂಡಿದೆ. ಬಿಪಿ ಮಾತ್ರೆಯಂತೆ ಬಹುಮಂದಿಗೆ ಇದೂ ಮುಂದುವರಿಯಬೇಕು. ಹಸಿವಿಲ್ಲವೆಂದು ಎರಡು ಇಡ್ಲಿಯಲ್ಲೇ ದಿನ ಕಳೆದರೆ ಸ್ನಾಯುವೂ ಕರಗುತ್ತದೆ. ತಟ್ಟೆಯಲ್ಲಿ ಮೊದಲು ಮೊಳಕೆಕಾಳು, ಮೊಟ್ಟೆ, ಮೊಸರು ಖಾಲಿಯಾಗಲಿ, ಮುದ್ದೆ ಅನ್ನ ಆಮೇಲೆ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮವೂ ಬೇಕು.