ಭಾವನ ಕಥೆಯನ್ನು ಮೂರನೇ ಪುಟದಲ್ಲಿ ಯಾಕೆ ಅಡಗಿಸಿದಿರಿ?

ನಮಸ್ಕಾರ.

ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್ಪಿನ ಬಗ್ಗೆ ನಮ್ಮ ಪತ್ರಿಕೆಗೆ ನೀವು ಬರೆದ ‘ಪ್ರೊಸೆಸರ್ ಕೊಳ್ಳುವ ಮುನ್ನ’ ಲೇಖನ ತಲುಪಿತು. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗೆಂದು ಬದಿಗಿಡುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಇತಿಹಾಸ. ಕಂಪ್ಯೂಟರ್ ಕೊಳ್ಳಲು ಕಾಸರಗೋಡಿನ ಕುಂಬಳೆಯಲ್ಲಿ ಮಂಗಳೂರು ಬಸ್ಸು ಹತ್ತಿದವನಿಗೆ 1947ರ ಟ್ರಾನ್ಸಿಸ್ಟರ್ ಕಟ್ಟಿಕೊಂಡು ಏನಾಗಬೇಕು? ಅಷ್ಟನ್ನೂ ತೆಗೆಯಿರಿ.

ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ, ಬದಿಯಡ್ಕದಲ್ಲಿ ಸ್ಟುಡಿಯೋ ಇಟ್ಟಿರುವ ನಿಮ್ಮ ಭಾವ ಕಾಣಿಸಿಕೊಂಡಾಗ. ಮದುವೆ, ಯಕ್ಷಗಾನಗಳ ವಿಡಿಯೋ ಎಡಿಟ್ ಮಾಡುವವರು. ಸ್ವಲ್ಪ ಅಗ್ಗಕ್ಕೆ ಸಿಕ್ಕಿತೆಂದು ಇಂಟೆಲ್ ಕಂಪನಿಯ ಐ5-12400ಎಫ್ ಪ್ರೊಸೆಸರ್ ತಂದು ಜೋಡಿಸಿದರು. ಫ್ಯಾನ್ ತಿರುಗಿತು, ದೀಪ ಹತ್ತಿತು, ಮಾನಿಟರಿನಲ್ಲಿ ಮಾತ್ರ ‘ನೋ ಸಿಗ್ನಲ್’. ಕೇಬಲ್ ಬದಲಿಸಿದರು, ರ‍್ಯಾಮ್ ಕಿತ್ತು ಒರೆಸಿ ಮತ್ತೆ ಕೂರಿಸಿದರು. ಇಷ್ಟು ಹೇಳಿ ನೀವು ‘ಆದ್ದರಿಂದ ಗ್ರಾಹಕರು ಜಾಗರೂಕರಾಗಿರಬೇಕು’ ಎಂದು ಕೈತೊಳೆದುಕೊಂಡಿದ್ದೀರಿ! ಚಿತ್ರ ಯಾಕೆ ಬರಲಿಲ್ಲ ಎಂಬುದೇ ಇಲ್ಲ. ಕೊನೆಯ ಆ ಎಫ್ ಅಕ್ಷರ ಇದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗ, ಇರುವುದಿಲ್ಲ. ಬೇರೆ ಕಾರ್ಡ್ ಹಾಕದೆ ಪರದೆ ಬೆಳಗುವುದಿಲ್ಲ. ವಿಡಿಯೋದವರಿಗೆ ನಷ್ಟ ಇನ್ನೂ ಒಂದು ಉಂಟು: ಇಂಟೆಲ್‌ನ ಕ್ವಿಕ್ ಸಿಂಕ್ ಇರುವುದೂ ಆ ಗ್ರಾಫಿಕ್ಸ್ ಭಾಗದಲ್ಲೇ, ಎಡಿಟ್ ಮುಗಿದ ವಿಡಿಯೋವನ್ನು ಫೈಲಾಗಿಸುವ ಎಕ್ಸ್‌ಪೋರ್ಟ್ ಬೇಗ ಮುಗಿಸುವುದು ಅದು. ಭಾವ ಕೊನೆಗೆ ಕಾರ್ಡ್ ಕೊಂಡರೋ, ಪ್ರೊಸೆಸರನ್ನೇ ಬದಲಿಸಿದರೋ? ಕೇಳಿ ಬರೆಯಿರಿ. ಅವರಿಂದಲೇ ಲೇಖನ ಶುರುವಾಗಲಿ.

ಇನ್ನು ತಪ್ಪಿನ ವಿಷಯ. ‘ಐ7 ಯಾವತ್ತೂ ಐ3ಗಿಂತ ವೇಗ’ ಎಂದಿದ್ದೀರಿ. ಅಂಗಡಿಯವರು ‘ಐ7 ಉಂಟಲ್ಲ, ಇನ್ನೇನು ಬೇಕು?’ ಎಂದು ಹಳೇ ಮಾಲು ದಾಟಿಸುವುದೂ ಇದೇ ನಂಬಿಕೆಯ ಮೇಲೆ. 2011ರ ಐ7-2600 ಮತ್ತು 2022ರ ಐ3-12100 ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಮೂಲ ವೇಗ ಐ7ಗೆ 3.4 ಗಿಗಾಹರ್ಟ್ಸ್ (ಸೆಕೆಂಡಿಗೆ 340 ಕೋಟಿ ಬಡಿತ), ಐ3ಗೆ 3.3. ನಿಮ್ಮ ಲೆಕ್ಕದಲ್ಲಿ ಐ7 ಗೆಲ್ಲಬೇಕು. ನಿಜವಾಗಿ ಐ3 ಬಹಳ ಮುಂದೆ. ಒಂದೊಂದು ಬಡಿತಕ್ಕೆ ಹೊಸ ವಿನ್ಯಾಸ ಮಾಡಿ ಮುಗಿಸುವ ಕೆಲಸ ಹೆಚ್ಚು, ಅಗತ್ಯ ಬಿದ್ದಾಗ 4.3ರವರೆಗೂ ಏರುತ್ತದೆ. ಗಿಗಾಹರ್ಟ್ಸ್ ಹೋಲಿಸಬೇಕಾದ್ದು ಒಂದೇ ತಲೆಮಾರಿನೊಳಗೆ. ಅದು ಗೊತ್ತಾಗುವುದು ಹೈಫನ್ನಿನ ನಂತರದ ಅಂಕೆಯಲ್ಲಿ: 2600 ಎಂದರೆ ಎರಡನೆಯದು, 12100 ಎಂದರೆ ಹನ್ನೆರಡನೆಯದು. ಲ್ಯಾಪ್‌ಟಾಪ್‌ನಲ್ಲಿ ಈ ಅಂಕೆಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಹೊಸತೆಂದು ಕಾಣುವ, ಎಎಂಡಿ ಕಂಪನಿಯ ರೈಜೆನ್ 5 7520ಯು ಎಂಬುದರಲ್ಲಿ 4 ಕೋರ್, ಒಳಗಿರುವುದು 2019ರ ಝೆನ್ 2 ವಿನ್ಯಾಸ. ಹಳತೆಂದು ಕಾಣುವ 5600ಯುನಲ್ಲಿ 6 ಕೋರ್, ಝೆನ್ 3.

ಹಳೇ ಐ7 ಕೊಳ್ಳಲೇಬಾರದೇ? ನೀವು ‘ಖಂಡಿತಾ ಬೇಡ’ ಎನ್ನುತ್ತೀರಿ, ನಾನು ಒಪ್ಪುವುದಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚಿನದು ಬೇಕು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಸ್ಟುಡಿಯೋಕ್ಕೋ ಆಫೀಸಿಗೋ ಅದು ಬೇಡ, ಸರಿ. ಆದರೆ ಕೇರಳದ ಶಾಲೆಗಳಲ್ಲಿ, ನಮ್ಮ ಕನ್ನಡ ಮಾಧ್ಯಮದ್ದೂ ಸೇರಿ, ಮಕ್ಕಳು ಕಲಿಯುವುದು ವಿಂಡೋಸ್ ಅಲ್ಲ, ಅದರ ಬದಲಿಗೆ ಬಳಸುವ ಉಚಿತ ಲಿನಕ್ಸ್. ಮನೆಯಲ್ಲಿ ಅಭ್ಯಾಸಕ್ಕೆ ಅದೇ ಹಳೇ ಯಂತ್ರಕ್ಕೆ ಹಾರ್ಡ್ ಡಿಸ್ಕಿಗಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿದರೆ ಧಾರಾಳ ಸಾಕು. ಮಂಗಳೂರಿನಲ್ಲಿ ಕುಳಿತು ಬರೆಯುವವರಿಗೆ ಇದು ಹೊಳೆಯುವುದಿಲ್ಲ, ಮುಳ್ಳೇರಿಯಾದ ನಿಮಗೆ ಹೊಳೆಯಬೇಕಿತ್ತು.

ಮದರ್‌ಬೋರ್ಡ್ ಬಗ್ಗೆ ಒಂದು ಸಾಲೂ ಇಲ್ಲ. ಬೋರ್ಡಿನಲ್ಲಿ ಪ್ರೊಸೆಸರ್ ಕೂರಿಸುವ ಜಾಗ, ಅಂದರೆ ಸಾಕೆಟ್, ಹೊಂದದಿದ್ದರೆ ಅದು ಕೂರುವುದೇ ಇಲ್ಲ, ಎಎಂಡಿಯ ಎಎಂ5 ಸಾಕೆಟ್ ಇರುವ ಬೋರ್ಡಿಗಾದರೆ ಡಿಡಿಆರ್5 ಎಂಬ ಬಗೆಯ ರ‍್ಯಾಮ್ ಮಾತ್ರ. ಎರಡು ವಾಕ್ಯದಲ್ಲಿ ಇಷ್ಟು ಸೇರಿಸಿ. ‘ಮಿಂಚಿನ ವೇಗ’, ‘ಶರವೇಗ’ ಹೊಡೆದುಹಾಕಿದ್ದೇನೆ. ಒಂದು ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಆಗಲು ಮೊದಲು ಎಷ್ಟು ಹೊತ್ತು, ಈಗ ಎಷ್ಟು, ಅದನ್ನು ಬರೆಯಿರಿ. ಬೆಲೆಪಟ್ಟಿ ಬೇಡ, ನಮ್ಮ ಸಂಚಿಕೆ ಹೊರಬರುವಷ್ಟರಲ್ಲಿ ಬೆಲೆ ಬದಲಾಗಿರುತ್ತದೆ.

700 ಪದ ಮೀರದ ಹಾಗೆ ತಿದ್ದಿ ಕಳುಹಿಸಿ. ದಯವಿಟ್ಟು ಯೂನಿಕೋಡ್‌ನಲ್ಲಿ. ಈ ಸಲದ್ದು ತೆರೆದಾಗ ಅರ್ಧಕ್ಕರ್ಧ ಒತ್ತಕ್ಷರ ಹಾರಿಹೋಗಿ, ಊಹಿಸಿಕೊಂಡೇ ಓದಬೇಕಾಯಿತು.