ಘಾಟಿ ಹತ್ತುವಾಗ ಗೋಲಿ ಸದ್ದು: ನಾಕ್ ಹೌದೋ ಅಲ್ಲವೋ?

ಪ್ರಶ್ನೆ: ನನ್ನದು 1.0 ಲೀಟರ್, ಮೂರು ಸಿಲಿಂಡರಿನ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಕಾರು. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಒಯ್ಯುವ ಕೊಳವೆ), ಪಾಲಿಯೂರಿಥೇನ್ ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿಡುವ ಗಟ್ಟಿ ಆಸರೆ) ಹಾಕಿಸಿ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕಗಳ ಬದಲಾವಣೆ) ಮಾಡಿಸಿದ್ದೇನೆ. ಮಧ್ಯಾಹ್ನ ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ, ಸುಮಾರು 2,800 ಆರ್‌ಪಿಎಂನಲ್ಲಿ, ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು. 95 ಆಕ್ಟೇನ್ (ನಾಕ್ ತಡೆಯುವ ಗುಣದ ಅಳತೆ) ಪೆಟ್ರೋಲ್ ಹಾಕಿದರೂ ಹೋಗಿಲ್ಲ. ಏನೇನು ನೋಡಬೇಕು?
ಓದುಗರು, ಸಕಲೇಶಪುರ

ಉತ್ತರ: ನಾಕ್ ಅಂದರೆ ಸಿಲಿಂಡರಿನೊಳಗೆ ಕಿಡಿಯಿಂದ ಹೊತ್ತದೆ ಉಳಿದ ಮಿಶ್ರಣ ತಾನಾಗಿಯೇ ಒಮ್ಮೆಲೇ ಸಿಡಿಯುವುದು. ಅರ್ಧ ಟ್ಯಾಂಕ್ ಮಾಮೂಲಿ ಪೆಟ್ರೋಲಿನ ಮೇಲೆ 95 ಸುರಿದರೆ ಟ್ಯಾಂಕಿನಲ್ಲಿರುವುದು 95 ಆಗುವುದಿಲ್ಲ. ಹಾಗಾಗಿ ಆ ಪರೀಕ್ಷೆಯನ್ನು ಲೆಕ್ಕಕ್ಕೆ ಇಡಬೇಡಿ. ಯಾವ ಭಾಗವನ್ನೂ ಬದಲಿಸುವ ಮೊದಲು ಲಾಗ್ (ಓಡುವಾಗಿನ ಅಳತೆಗಳ ದಾಖಲೆ) ತೆಗೆಯಿರಿ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ವಾಹನಗಳಿಲ್ಲದ ಸುರಕ್ಷಿತ ಜಾಗದಲ್ಲಿ ಮೂರನೇ ಗೇರಿನಲ್ಲಿ 2,000ದಿಂದ 5,000 ಆರ್‌ಪಿಎಂವರೆಗೆ ಪೂರ್ತಿ ಪೆಡಲ್ ಒತ್ತಿ. ಹೀಗೆ ಮೂರು ಸಲ. ಪ್ರತಿ ಸಿಲಿಂಡರಿನ ಟೈಮಿಂಗ್ ರಿಟಾರ್ಡ್ (ನಾಕ್ ಕೇಳಿ ಕಿಡಿಯನ್ನು ಎಷ್ಟು ಡಿಗ್ರಿ ತಡಮಾಡಿತು), ಒಳಬರುವ ಗಾಳಿಯ ಉಷ್ಣತೆ, ಲ್ಯಾಂಬ್ಡಾ (ಗಾಳಿ-ಇಂಧನ ಮಿಶ್ರಣದ ಅಳತೆ), ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ), ಫ್ಯುಯೆಲ್ ರೈಲ್ (ಇಂಜೆಕ್ಟರುಗಳಿಗೆ ಇಂಧನ ಹಂಚುವ ಕೊಳವೆ) ಒತ್ತಡ ದಾಖಲಾಗಬೇಕು. ಕೊನೆಯ ಎರಡರಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎರಡೂ ಬೇಕು. ಅಲ್ಲೊಮ್ಮೆ ಇಲ್ಲೊಮ್ಮೆ ಒಂದೆರಡು ಡಿಗ್ರಿ ಹಿಂದೆ ಸರಿದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅದೇ ಆರ್‌ಪಿಎಂನಲ್ಲಿ ಪ್ರತಿ ಸಲವೂ 3 ಡಿಗ್ರಿ ದಾಟಿದರೆ ತೊಂದರೆ ಇದೆ. 6 ಕಂಡರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.

ನಿಮ್ಮ ವಿಷಯದಲ್ಲಿ ನಮಗೆ ಮೊದಲ ಅನುಮಾನ ಆ ಮೌಂಟಿನ ಮೇಲೆ. ನಾಕ್ ಸೆನ್ಸರ್ ಅಂದರೆ ಬ್ಲಾಕಿನ ಕಂಪನ ಕೇಳುವ ಕಿವಿ. 74.5 ಮಿ.ಮೀ. ಬೋರಿನ (ಸಿಲಿಂಡರಿನ ವ್ಯಾಸ) ಎಂಜಿನ್ನಿನಲ್ಲಿ ಅದು ಹುಡುಕುವುದು ಸುಮಾರು 7.7 ಕಿಲೋಹರ್ಟ್ಸ್ ಸದ್ದನ್ನು. ಗಟ್ಟಿ ಮೌಂಟ್‌ನಿಂದ ಎಂಜಿನ್ ಅಲ್ಲಾಡುವ ರೀತಿಯೇ ಬದಲಾಗುತ್ತದೆ. ಡೌನ್‌ಪೈಪ್ ಎಲ್ಲೋ ತಾಗಿದರೂ, ಹೀಟ್ ಶೀಲ್ಡ್ ಸಡಿಲವಿದ್ದರೂ ಅದೇ ಗೋಲಿ ಸದ್ದು, ಕೆಲವೊಮ್ಮೆ ಅದೇ ರಿಟಾರ್ಡ್ ಕೂಡ. ಬೇರ್ಪಡಿಸುವ ದಾರಿ ಸುಲಭ: 2,500–3,200ರ ನಡುವೆ 3 ಡಿಗ್ರಿ ಟೈಮಿಂಗ್ ಕಡಿಮೆ ಮಾಡಿಸಿ ಅದೇ ಏರಿನಲ್ಲಿ ಮತ್ತೆ ಓಡಿಸಿ. ನಿಜವಾದ ನಾಕ್ ತಗ್ಗುತ್ತದೆ, ಲೋಹದ ತಿಕ್ಕಾಟ ಹಾಗೇ ಉಳಿಯುತ್ತದೆ. ಸೆನ್ಸರನ್ನು ಬಿಚ್ಚಿದ್ದರೆ, ಅಡಿಯಲ್ಲಿ ವಾಷರ್ ಇಡದೆ, ಒರೆಸಿದ ಬರಿ ಲೋಹದ ಮೇಲೆ ಕೂರಿಸಿ ಟಾರ್ಕ್ ವ್ರೆಂಚಿನಿಂದ ಬಿಗಿಸಿರಬೇಕು; ಸಾಮಾನ್ಯವಾಗಿ 20 ನ್ಯೂಟನ್ ಮೀಟರ್.

ನಾಕ್ ನಿಜವೇ ಆಗಿ ಒಂದೇ ಸಿಲಿಂಡರಿನಲ್ಲಿದ್ದರೆ ಅದರ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ ನೋಡಿ. ರಿಟಾರ್ಡ್ ಜೊತೆಗೇ ಹೋದರೆ ಪ್ಲಗ್, ಹೋಗದಿದ್ದರೆ ಇಂಜೆಕ್ಟರ್ ಅಥವಾ ಇಂಗಾಲದ ಪದರ. ರೀಮ್ಯಾಪ್ ಆದ ಎಂಜಿನ್ನಿಗೆ ಒಂದು ಹಂತ ತಣ್ಣನೆಯ (ಶಾಖವನ್ನು ಬೇಗ ಹೊರಹಾಕುವ) ಪ್ಲಗ್, 0.6–0.7 ಮಿ.ಮೀ. ಗ್ಯಾಪ್ (ಕಿಡಿ ಹಾರುವ ಸಂದು) ಸರಿಹೋಗುತ್ತದೆ. ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಣ್ಣಗೆ, ಬಾಷ್‌ನಲ್ಲಿ ತಿರುಗಾಮುರುಗಾ.

ಮೂರರಲ್ಲೂ ಇದ್ದು, ಓಟದಿಂದ ಓಟಕ್ಕೆ ಗಾಳಿಯ ಉಷ್ಣತೆಯೊಂದಿಗೆ ಹೆಚ್ಚುತ್ತಿದ್ದರೆ ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗ) ಸೋತಿದೆ. ಮ್ಯಾಪಿನಲ್ಲಿ ಬೂಸ್ಟ್ 0.15 ಬಾರ್ ಇಳಿಸಿ ಪರೀಕ್ಷಿಸಿ. ರೈಲ್ ಒತ್ತಡ ಕುಸಿಯುತ್ತಿದ್ದರೆ ಮಿಶ್ರಣ ತೆಳುವಾಗುತ್ತಿದೆ. ಇ20ಗೆ (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಗಾಳಿ-ಇಂಧನ ಅನುಪಾತ ಸುಮಾರು 13.5, ಬರಿ ಪೆಟ್ರೋಲಿಗೆ 14.7; ಅಂದರೆ ಅಷ್ಟೇ ಗಾಳಿಗೆ ಇ20 ಹೆಚ್ಚು ಬೇಕು. ಹೆಚ್ಚು ಬೂಸ್ಟಿನ ಜೊತೆ ಇದೂ ಸೇರಿದಾಗ ಪಂಪ್ ಏದುಸಿರು ಬಿಡುತ್ತದೆ.

ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿಯಂಥ ಚುಕ್ಕೆ ಅಥವಾ ಹೊಳೆಯುವ ಅಲ್ಯೂಮಿನಿಯಂ ಕಾಳು ಕಂಡರೆ ಪಿಸ್ಟನ್ನಿಗೆ ಪೆಟ್ಟು ಬಿದ್ದಿದೆ. ಅಂಥ ಕಾರನ್ನು ಓಡಿಸಬೇಡಿ. ಕಂಪ್ರೆಷನ್, ಲೀಕ್‌ಡೌನ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಎಂಬ) ಪರೀಕ್ಷೆ ಮಾಡಿಸಿ, ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ನೋಡಿಸಿ.