ಹೆಜ್ಜೆಗಳನ್ನು ಲೆಕ್ಕ ಹಾಕಿ ನಡೆಯುತ್ತಿದ್ದ ಟೀಚರ್

ಮಂಡಿನೋವಿಗೆ ಹೆದರಿ ನಡಿಗೆಯನ್ನೇ ಬಿಟ್ಟ ಟೀಚರ್ ಒಬ್ಬರದು ಅಪರೂಪದ ಪ್ರಕರಣವೇನಲ್ಲ. ತಿಂಗಳು ತಪ್ಪದೆ ಇದೇ ಕಥೆ ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಮುಖಗಳೊಂದಿಗೆ ನನ್ನೆದುರು ಬಂದು ಕೂರುತ್ತದೆ. ಮಂಡಿ ಸವೆದಿದೆ ಎಂದು ಯಾರೋ ಹೇಳಿರುತ್ತಾರೆ. ಅಂದಿನಿಂದ ನಡಿಗೆ ನಿಲ್ಲುತ್ತದೆ, ಮೆಟ್ಟಿಲು ನಿಲ್ಲುತ್ತದೆ, ನೆಂಟರ ಮನೆ ನಿಲ್ಲುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ನಿದ್ದೆಯೂ ಹೋಗಿ ಮನಸ್ಸೂ ಕುಗ್ಗಿರುತ್ತದೆ. ಆಗ ಮನೆಯವರು ಆಪ್ತಸಲಹೆಗೆಂದು ಕರೆತರುತ್ತಾರೆ. ನಾನು ಕೆಲಸ ಮಾಡುವುದು ಒಬ್ಬ ಫಿಸಿಯೋಥೆರಪಿಸ್ಟ್ ಜೊತೆ, ಅಕ್ಕಪಕ್ಕದ ಕೋಣೆಗಳಲ್ಲಿ. ಹೀಗಾಗಿ ಒಬ್ಬರ ಮನಸ್ಸು ಮತ್ತು ಮಂಡಿ ಎರಡೂ ಒಂದೇ ಬಾರಿಗೆ ನಮ್ಮ ಕೈಗೆ ಸಿಗುತ್ತವೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.

ಅವರು ಅರವತ್ತು ದಾಟಿದ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಊರಿನವರೆಲ್ಲ ಟೀಚರ್ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬಲಮಂಡಿಯಲ್ಲಿ ನೋವು. ಎಣ್ಣೆ, ಲೇಪ, ಮಂಡಿಪಟ್ಟಿ, ಕೀಲಿಗೆಂದು ಮಾರುವ ಗ್ಲುಕೋಸಮೈನ್ ಮಾತ್ರೆ ಎಲ್ಲವೂ ಆಗಿದ್ದವು. ಮಂಡಿ ಬದಲಿ ಶಸ್ತ್ರಚಿಕಿತ್ಸೆಗೆ ಮಗ ವಿಚಾರಿಸಿಟ್ಟಿದ್ದ. ಸೊಸೆ ಅತ್ತೆಯನ್ನು ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ; ನೀರಿನ ಲೋಟವೂ ಕುಳಿತಲ್ಲಿಗೇ ಬರುತ್ತಿತ್ತು. ಪ್ರೀತಿಯ ಮನೆ. ಆ ಪ್ರೀತಿಯೂ ಅವರ ಕಾಯಿಲೆಯ ಒಂದು ಭಾಗವಾಗಿತ್ತು ಎಂದು ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳಬೇಕು.

ಮೊದಲ ಭೇಟಿಗಳಲ್ಲಿ ಅವರು ಮಾತನಾಡಿದ್ದು ಕಡಿಮೆ. ಬೇಸರ, ಒಂಟಿತನ, ಯಾರಿಗೂ ಹೊರೆಯಾಗಬಾರದು ಎಂಬ ಮಾತು. ವ್ಯಾಯಾಮದ ಹಾಳೆ ಕೊಟ್ಟಿದ್ದೆನಲ್ಲ, ಮಾಡುತ್ತಿದ್ದೀರಾ ಎಂದು ಫಿಸಿಯೋಥೆರಪಿಸ್ಟ್ ಕೇಳಿದಾಗಲೆಲ್ಲ "ಮಾಡುತ್ತಿದ್ದೇನೆ" ಎನ್ನುತ್ತಿದ್ದರು. ಮಾಡುತ್ತಿರಲಿಲ್ಲ. ನಲವತ್ತು ಮಕ್ಕಳ ಹೋಂವರ್ಕ್ ತಿದ್ದಿದವರು ಸುಳ್ಳು ಹೇಳುವಾಗ ಕಣ್ಣು ತಪ್ಪಿಸುತ್ತಾರೆ, ಅದು ಅವರಿಗೂ ಗೊತ್ತಿತ್ತು. ನಾನು ಒತ್ತಾಯಿಸಲಿಲ್ಲ. ಮಾಡದಿರುವುದಕ್ಕೆ ಸೋಮಾರಿತನಕ್ಕಿಂತ ಗಟ್ಟಿಯಾದ ಕಾರಣವಿರುತ್ತದೆ ಎಂಬುದು ನನ್ನ ನಂಬಿಕೆ. ಅದು ಹೊರಬರುವವರೆಗೆ ಕಾಯಬೇಕಾಗುತ್ತದೆ.

ಒಂದು ದಿನ ಹೊರಬಂತು. "ದಿನ ಹೇಗೆ ಕಳೆಯುತ್ತದೆ, ಬೆಳಗಿನಿಂದ ಹೇಳಿ" ಎಂದಿದ್ದೆ. ಅವರು ಹೇಳತೊಡಗಿದರು: ಬೆಳಿಗ್ಗೆ ಹಿತ್ತಲಿಗೆ ಹೋದರೆ ಸಂಜೆ ಅಂಗಳಕ್ಕೆ ಹೋಗುವುದಿಲ್ಲ. ದೇವರಮನೆಗೆ ಹೋಗುವಾಗಲೇ ಮಾತ್ರೆ ಡಬ್ಬಿಯನ್ನೂ ತಂದುಬಿಡುತ್ತೇನೆ, ಎರಡು ಸಲ ಏಳುವುದು ಬೇಡವೆಂದು. ಯಾಕೆ, ಅಷ್ಟು ನೋವೇ ಎಂದೆ. "ನೋವಿಗಾಗಿ ಅಲ್ಲ" ಎಂದರು. "ಈ ಮಂಡಿ ಇನ್ನೆಷ್ಟು ಸಾವಿರ ಹೆಜ್ಜೆಗೆ ಬರುತ್ತದೋ ಯಾರಿಗೆ ಗೊತ್ತು. ಇರುವ ಗಂಟು ಕರಗಬಾರದಲ್ಲ. ಲೆಕ್ಕ ಹಾಕಿ ಖರ್ಚು ಮಾಡುತ್ತಿದ್ದೇನೆ. ನೀವು ನೋಡಿದರೆ ವ್ಯಾಯಾಮ ಮಾಡು ಎನ್ನುತ್ತೀರಿ."

ಇಷ್ಟು ಸ್ಪಷ್ಟವಾಗಿ ಈ ಭಯವನ್ನು ನನಗೆ ಯಾರೂ ವಿವರಿಸಿರಲಿಲ್ಲ. ಮಂಡಿ ಎಂದರೆ ಹುಟ್ಟುವಾಗ ಕೊಟ್ಟ ಇಡುಗಂಟು, ಪ್ರತಿ ಹೆಜ್ಜೆಗೂ ಅದರಿಂದ ಒಂದಿಷ್ಟು ಹೋಗುತ್ತದೆ, ಮುಗಿದರೆ ಮುಗಿಯಿತು. ಇದನ್ನು ನಂಬಿದವರಿಗೆ ವ್ಯಾಯಾಮದ ಹಾಳೆ ಕೊಡುವುದೆಂದರೆ ದುಂದುವೆಚ್ಚ ಮಾಡೆಂದು ಹೇಳಿದಂತೆ. ಅವರು ಮಾಡದಿದ್ದದ್ದು ತೀರಾ ತರ್ಕಬದ್ಧವಾಗಿತ್ತು.

ಎಕ್ಸ್-ರೇ ಲಕೋಟೆ ಅವರ ಚೀಲದಲ್ಲೇ ಇತ್ತು. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ಫಿಸಿಯೋಥೆರಪಿಸ್ಟನ್ನು ಕರೆದೆ. ವರದಿ ಓದಿದರು: ಎರಡೂ ಮಂಡಿಗಳಲ್ಲಿ ಮೂರನೇ ದರ್ಜೆಯ ಬದಲಾವಣೆ. ಸೊನ್ನೆಯಿಂದ ನಾಲ್ಕರವರೆಗಿನ ಈ ದರ್ಜೆಗಳು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು ಗೊತ್ತುಮಾಡಿದ್ದು. ಅವು ಚಿತ್ರದ ದರ್ಜೆಗಳು, ನೋವಿನವಲ್ಲ. "ಎರಡೂ ಮಂಡಿ ಒಂದೇ ದರ್ಜೆ ಎಂದಿದೆ. ಎಡಮಂಡಿ ನೋಯುತ್ತದೆಯೇ?" ಎಂದು ಅವರು ಕೇಳಿದರು. ಟೀಚರ್ ಎಡಮಂಡಿಯ ಮೇಲೆ ಕೈಯಿಟ್ಟುಕೊಂಡರು. ಇಲ್ಲ, ಒಂದು ದಿನವೂ ಇಲ್ಲ.

ಅನಂತರ ಅವರನ್ನು ಕುರ್ಚಿಯಿಂದ ಏಳಲು ಹೇಳಿದರು. ಟೀಚರ್ ಮೊದಲು ಬಲಪಾದವನ್ನು ಮುಂದಕ್ಕೆ ಜಾರಿಸಿದರು, ಉಸಿರು ಬಿಗಿಹಿಡಿದರು, ಎರಡೂ ಅಂಗೈಗಳನ್ನು ತೊಡೆಗಳ ಮೇಲೂರಿ ಎಡಗಾಲಿನ ಮೇಲೆಯೇ ಎದ್ದರು. ಬಲಗಾಲು ಬರೀ ನೆಲ ಮುಟ್ಟಿತ್ತು. ಫಿಸಿಯೋಥೆರಪಿಸ್ಟ್ ದರ್ಜಿಯ ಟೇಪು ತಂದು ಎರಡೂ ತೊಡೆಗಳನ್ನು ಮಂಡಿಚಿಪ್ಪಿನಿಂದ ಒಂದೇ ದೂರದಲ್ಲಿ ಅಳೆದರು. ಬಲತೊಡೆ ಸುಮಾರು ಎರಡು ಸೆಂಟಿಮೀಟರ್ ಸಣ್ಣದಿತ್ತು. ಟೇಪನ್ನು ಟೀಚರ್ ಕೈಗೇ ಕೊಟ್ಟೆವು. ಅವರು ತಾವೇ ಇನ್ನೊಮ್ಮೆ ಅಳೆದರು. "ಹಾಗಾದರೆ ನಾನು ಉಳಿಸಿದ್ದು ಏನು?" ಎಂದರು.

ಆ ಪ್ರಶ್ನೆಗೆ ಉತ್ತರ ಕೊಡಲು ನಾವಿಬ್ಬರೂ ಉಳಿದ ಸಮಯವನ್ನೆಲ್ಲ ಬಳಸಿದೆವು. ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ಸಿಗುವುದು ಕೀಲಿನೊಳಗಿನ ದ್ರವದಿಂದ. ಕಾಲಿನ ಮೇಲೆ ಭಾರ ಬಿದ್ದು ಬಿಡುವಾಗ ಆ ದ್ರವ ಒಳಹೊಕ್ಕು ಹೊರಬರುತ್ತದೆ. ಭಾರವೇ ಬೀಳದಿದ್ದರೆ ಮೃದ್ವಸ್ಥಿಯ ಪೋಷಣೆ ಕುಗ್ಗುತ್ತದೆ. ಅದರಲ್ಲಿ ನರಗಳೂ ಇಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯಿಂದ, ಸುತ್ತಲಿನ ಸ್ನಾಯು ಸ್ನಾಯುರಜ್ಜುಗಳಿಂದ. ತೊಡೆಯ ಮುಂಭಾಗದ ಸ್ನಾಯು ಸೊರಗಿದರೆ ಕೀಲಿಗೆ ಆಧಾರವಿಲ್ಲ, ಆಗ ಪ್ರತಿ ಹೆಜ್ಜೆಯೂ ಕೀಲಿನ ಮೇಲೇ ಬೀಳುತ್ತದೆ. ನೋವಿದೆಯೆಂದು ಕೂರುವುದು, ಕುಳಿತಿದ್ದಕ್ಕೆ ಸ್ನಾಯು ಕರಗುವುದು, ಸ್ನಾಯು ಕರಗಿದ್ದಕ್ಕೆ ನೋವು ಹೆಚ್ಚುವುದು. ಏಳುವಾಗ ಬರುವ ಕಟಕಟ ಶಬ್ದವನ್ನೂ ಅವರು ಸವೆತದ ಸದ್ದೆಂದೇ ನಂಬಿದ್ದರು. ನೋವು, ಊತ ಜೊತೆಗಿಲ್ಲದ ಶಬ್ದಕ್ಕೆ ಹೆದರಬೇಕಿಲ್ಲ.

ಇಷ್ಟು ತಿಳಿದ ಮೇಲೆಯೇ ಸಲಹೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂದೆವು. ಟೀಚರಲ್ಲವೇ, ಅಂಕ ಕೊಡುವುದು ಅವರಿಗೆ ಹಿಡಿಸಿತು. ವ್ಯಾಯಾಮದ ಹೊತ್ತಿಗೆ ಎರಡರವರೆಗಿನ ನೋವು ನಿಶ್ಚಿಂತೆಯದು. ಐದರವರೆಗೆ ಬಂದರೂ ಅಪಾಯವಿಲ್ಲ. ಅದನ್ನು ಮೀರಿದರೆ ಕಡಿಮೆ ಮಾಡಬೇಕು. ಹೆಚ್ಚಿದ ನೋವು ಮರುದಿನ ಅದೇ ಹೊತ್ತಿಗೆ ಎಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಎತ್ತರವನ್ನೋ ಸಂಖ್ಯೆಯನ್ನೋ ತಗ್ಗಿಸುವುದು. ತಗ್ಗಿಸುವುದು ಮಾತ್ರ, ನಿಲ್ಲಿಸುವುದಲ್ಲ. ವಾರಕ್ಕೆ ಎರಡು ದಿನದಂತೆ ಆರು ವಾರ ಫಿಸಿಯೋಥೆರಪಿಸ್ಟ್ ಕಣ್ಣೆದುರೇ ವ್ಯಾಯಾಮ. ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿ, ಎರಡೂ ಪಾದ ಒಂದೇ ಸಾಲಿನಲ್ಲಿಟ್ಟು, ಕೈಯೂರದೆ ಏಳುವುದು. ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕೇ ಇದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುವುದು. ಸುಲಭವಾದ ಮೇಲೆ ದಿಂಬು ತೆಗೆಯುವುದು. ನಂತರ ಒಂದೇ ಒಂದು ಮೆಟ್ಟಿಲು, ಕಂಬಿ ಹಿಡಿದು.

ಈ ಕ್ರಮ ನಮ್ಮ ಸ್ವಂತದ್ದಲ್ಲ. ಡೆನ್ಮಾರ್ಕಿನಲ್ಲಿ 2013ರಲ್ಲಿ ಗ್ಲಾಡ್ ಎಂಬ ಕಾರ್ಯಕ್ರಮ ಆರಂಭವಾಯಿತು. ಸೊಂಟ ಮತ್ತು ಮಂಡಿಯ ಅಸ್ಥಿಸಂಧಿವಾತದವರಿಗೆ, ಅಂದರೆ ಸವೆತ ಎಂದು ಜನ ಕರೆಯುವ ಈ ಕೀಲಿನ ಕಾಯಿಲೆಯವರಿಗೆ, ಮೊದಲು ತಿಳಿವಳಿಕೆಯ ತರಗತಿ, ಆಮೇಲೆ ಮೇಲ್ವಿಚಾರಣೆಯಲ್ಲಿ ಹನ್ನೆರಡು ವ್ಯಾಯಾಮದ ತರಗತಿ. ಅದು ಮುಂದೆ ಕೆನಡಾ, ಆಸ್ಟ್ರೇಲಿಯಾಗಳಿಗೂ ಹೋಯಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೂ ಮೊದಲ ಚಿಕಿತ್ಸೆಯಾಗಿ ಹೇಳುವುದು ತಿಳಿವಳಿಕೆ, ವ್ಯಾಯಾಮ ಮತ್ತು ಅಗತ್ಯವಿದ್ದರೆ ತೂಕ ಇಳಿಕೆಯನ್ನು. ಗ್ಲುಕೋಸಮೈನ್ ಬೇಡ ಎಂದೂ ಅದು ಹೇಳುತ್ತದೆ. ವ್ಯಾಯಾಮ ಶುರುಮಾಡಿದಾಗ ನೋವು ಸ್ವಲ್ಪ ಹೆಚ್ಚಬಹುದು ಎಂಬುದನ್ನು ರೋಗಿಗೆ ಮೊದಲೇ ತಿಳಿಸಬೇಕು ಎಂಬ ಮಾತೂ ಅದರಲ್ಲಿದೆ. ನನಗೆ ಅತಿ ಮುಖ್ಯವೆನಿಸುವುದು ಈ ಮಾತೇ. ಮೊದಲೇ ಹೇಳಿದ್ದರೆ ಆ ನೋವು ನಿರೀಕ್ಷಿತ; ಹೇಳದಿದ್ದರೆ ಅದೇ ನೋವು ಸವೆತದ ಸಾಕ್ಷಿಯಾಗಿಬಿಡುತ್ತದೆ.

ಎರಡನೇ ವಾರ ಹಾಗೇ ಆಯಿತು. ನೋವು ಏರಿತು. ಮಗ ಫೋನ್ ಮಾಡಿ, ಅಮ್ಮನ ಮನಸ್ಸನ್ನು ನೋಡಿಕೊಳ್ಳಬೇಕಾದವರು ಮಂಡಿಗೆ ಕೈಹಾಕಿ ನೋವು ಹೆಚ್ಚಿಸಿದ್ದೀರಿ ಎಂದು ಸಿಟ್ಟಾದರು. ಆಪ್ತಸಲಹೆಗಾರರಿಗೆ ಮಂಡಿಯ ಉಸಾಬರಿ ಏಕೆ ಎಂದು ನನ್ನ ವೃತ್ತಿಯವರೂ ಕೇಳಿದ್ದಾರೆ. ಅವರಿಗೆ ನನ್ನ ಉತ್ತರ ಇದು: ಟೀಚರ್ ಮನಸ್ಸು ಕುಗ್ಗಿದ್ದು ತಾವೊಂದು ಮುಗಿಯುತ್ತಿರುವ ವಸ್ತು ಎಂದು ಅವರು ನಂಬಿದ್ದರಿಂದ. ಆ ನಂಬಿಕೆ ವಾಸ್ತವಕ್ಕೆ ವಿರುದ್ಧವಾಗಿರುವಾಗ, ಅದನ್ನು ಹಾಗೇ ಬಿಟ್ಟು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳುಹಿಸುವುದು ನನ್ನಿಂದಾಗದು. ಟೀಚರ್ ನೋವಿನ ಅಂಕ ಬರೆದಿಡುತ್ತಿದ್ದ ಪುಸ್ತಕವನ್ನು ಮಗನಿಗೆ ತೋರಿಸಿದೆ. ಏರಿದ ನೋವು ಪ್ರತಿ ಸಲವೂ ಮರುದಿನಕ್ಕೆ ಇಳಿದಿತ್ತು. ಅದಾದ ಮೇಲೆ ಸೊಸೆಯನ್ನೂ ಕೂರಿಸಿಕೊಂಡು ಒಂದೇ ಒಂದು ವಿನಂತಿ ಮಾಡಿದೆ: ನೀರಿನ ಲೋಟ ಅಡುಗೆಮನೆಯಲ್ಲೇ ಇರಲಿ.

ತೂಕದ ಮಾತನ್ನು ನಾನು ಕೊನೆಗೆ ಎತ್ತಿದೆ, ಅದೂ ಅವರೇ ಕೇಳಿದ ಮೇಲೆ. ಇದಕ್ಕೂ ಆಕ್ಷೇಪ ಬಂದಿದೆ, ಮೊದಲೇ ಹೇಳಬೇಕಿತ್ತೆಂದು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ ಎಂಬ ಲೆಕ್ಕ ನನಗೂ ಗೊತ್ತು. ಆದರೆ ಹೋದಲ್ಲೆಲ್ಲ "ತೂಕ ಇಳಿಸಿ" ಎಂಬ ಎರಡೇ ಮಾತು ಕೇಳಿ ತಲೆತಗ್ಗಿಸಿ ಬಂದವರಿಗೆ ಅದನ್ನೇ ಮೊದಲು ಹೇಳಿದರೆ ಮುಂದಿನ ಮಾತು ಕಿವಿಗೆ ಬೀಳುವುದಿಲ್ಲ. ಕಾಲಿನಲ್ಲಿ ಬಲ ಬಂದು ನಡಿಗೆ ಶುರುವಾದ ಮೇಲೆ ಊಟದ ಮಾತು ಸಲೀಸಾಗಿ ಬರುತ್ತದೆ.

ಓದುವವರಲ್ಲಿ ಕೆಲವರಿಗೆ ತೊಂದರೆ ಮಂಡಿಯದ್ದಲ್ಲದೆಯೂ ಇರಬಹುದು. ಸೊಂಟದ ಕೀಲಿನ ನೋವು ತೊಡೆಸಂದಿಯಲ್ಲಿ ಬರುತ್ತದೆ, ಕೆಲವೊಮ್ಮೆ ಮಂಡಿಯಲ್ಲೇ ಕಾಣಿಸಿಕೊಳ್ಳುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು, ಕಾಲುಚೀಲ ತೊಡಲು ಮೊದಲು ಕಷ್ಟವಾದರೆ ಸೊಂಟವನ್ನೂ ಪರೀಕ್ಷಿಸಿ ಎಂದು ನೀವೇ ಕೇಳಿ. ಬೆಳಿಗ್ಗೆ ಅರ್ಧಗಂಟೆಗೂ ಮೀರಿ ಬಿಗಿತವಿದ್ದರೆ, ಕೀಲು ಬಿಸಿಯಾಗಿ ಕೆಂಪಾಗಿ ಊದಿಕೊಂಡರೆ, ಜ್ವರ ಬಂದರೆ, ಬಿದ್ದ ನಂತರ ಕಾಲೂರಲಾಗದಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡು ಬಿಚ್ಚದಿದ್ದರೆ ವ್ಯಾಯಾಮಕ್ಕಿಂತ ಮೊದಲು ವೈದ್ಯರ ಬಳಿ ಹೋಗಬೇಕು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ನುಂಗಬಾರದು; ಹಚ್ಚುವ ನೋವಿನ ಜೆಲ್ ಬಗ್ಗೆ ವೈದ್ಯರನ್ನು ಕೇಳಬಹುದು.

ಟೀಚರ್ ನೋವು ಪೂರ್ತಿ ಹೋಗಿಲ್ಲ. ಹೋಗುತ್ತದೆಂದು ನಾವು ಹೇಳಿರಲೂ ಇಲ್ಲ. ಆರರಲ್ಲಿದ್ದ ಅಂಕ ಹೆಚ್ಚಿನ ದಿನಗಳಲ್ಲಿ ಮೂರರ ಆಸುಪಾಸಿನಲ್ಲಿದೆ. ಅವರೇ ಆರಿಸಿಕೊಂಡಿದ್ದ ಗುರಿ ಮಹಡಿಗೆ ಹೋಗಿ ಸಂಡಿಗೆ ಒಣಹಾಕುವುದು. ಈ ಬೇಸಿಗೆಯಲ್ಲಿ ಹಾಕಿದರು; ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು, ಕೈ ಕಂಬಿಯ ಮೇಲೆ. ಹಿಟ್ಟಿನ ಪಾತ್ರೆ ಮಾತ್ರ ಸೊಸೆಯ ಕೈಯಲ್ಲಿತ್ತು.

ಶಸ್ತ್ರಚಿಕಿತ್ಸೆಯನ್ನು ಅವರು ತಳ್ಳಿಹಾಕಿಲ್ಲ, ನಾವೂ ತಳ್ಳಿಹಾಕಿಸಿಲ್ಲ. 2015ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರ ಬಗ್ಗೆ ತಾಯಿ ಮಗ ಇಬ್ಬರಿಗೂ ಹೇಳಿದ್ದೆ. ಮಂಡಿ ಬದಲಿಗೆ ಅರ್ಹರಾಗಿದ್ದ 100 ಜನರಲ್ಲಿ ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿ ವ್ಯಾಯಾಮವನ್ನೂ ಕೊಟ್ಟರು, ಉಳಿದವರಿಗೆ ವ್ಯಾಯಾಮ, ತಿಳಿವಳಿಕೆ ಮುಂತಾದವನ್ನು ಮಾತ್ರ. ಒಂದು ವರ್ಷದ ನಂತರ ಶಸ್ತ್ರಚಿಕಿತ್ಸೆಯಾದವರ ಸುಧಾರಣೆ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚಿದ್ದವು. ಇನ್ನೊಂದು ಗುಂಪಿನಲ್ಲಿ ಆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸುಮಾರು ಕಾಲು ಭಾಗ ಮಾತ್ರ. ಎರಡೂ ಕಡೆಯ ಸತ್ಯವನ್ನು ಅವರ ಮುಂದಿಟ್ಟೆವು. ನೋವು ರಾತ್ರಿಯ ನಿದ್ದೆ ಕೆಡಿಸತೊಡಗಿದರೆ, ಬಿಡದೆ ವ್ಯಾಯಾಮ ಮಾಡಿಯೂ ಮನೆಯೊಳಗಿನ ನಡಿಗೆ ಕುಗ್ಗಿದರೆ ಮೂಳೆ ವೈದ್ಯರನ್ನು ಮತ್ತೆ ಕಾಣುವುದು ಎಂದು ಟೀಚರ್ ತಮ್ಮ ದುಂಡಗಿನ ಅಕ್ಷರದಲ್ಲಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ. ಆಗ ಶಸ್ತ್ರಚಿಕಿತ್ಸೆಯಾದರೂ ಮರುದಿನ ಎದ್ದು ನಿಲ್ಲಬೇಕಾದದ್ದು ಇದೇ ತೊಡೆಯ ಬಲದಿಂದ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ಅಲ್ಲಿಯವರೆಗೆ ವಾರಕ್ಕೆರಡು ಸಲ ಕುರ್ಚಿ ಮತ್ತು ಮೆಟ್ಟಿಲು ಮನೆಯಲ್ಲೇ ನಡೆಯುತ್ತಿದೆ, ದಿಂಬು ತೆಗೆದಾಗಿದೆ.